ನೀರುನಾಯಿ ಮರಿಯ ಎರಡು ಕೊನೆ

"ಆಂಟಿ, ತಪ್ಪ ಓದಾಕತ್ತೀರಿ."

ಟಿ.ಬಿ. ಡ್ಯಾಂ ಉದ್ಯಾನದ ಬೆಂಚಿನ ಮೇಲೆ ಮಗ ಜಂಬುವಿಗೆ ಕಥೆ ಓದುತ್ತಿದ್ದ ಗಂಗೋತ್ರಿ ತಲೆಯೆತ್ತಿದಳು. ಪುಟ್ಟ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಬರಿಗಾಲಲ್ಲಿ ನಿಂತಿದ್ದಳು.

"ನೀರುನಾಯಿ ಮರಿ ಒಂಟಿಯಾಗಿ ಹೋಗಂಗಿಲ್ರಿ. ಅವರವ್ವ ಬಂಡೆಗಲ್ಲ ಹಿಂದ ನಿಂತು ಸಿಳ್ಳೆ ಹಾಕತೈತಿ. ಮರಿಗೆ ಕೇಳೋತನ ಹಾಕತೈತಿ."

ಹಾಳೆಯ ಮೇಲಿದ್ದ ಗಂಗೋತ್ರಿಯ ಬೆರಳು ಅಲ್ಲೇ ನಿಂತಿತು.

ಆ ಸಿಳ್ಳೆ ಪುಸ್ತಕದಲ್ಲಿ ಇರಲಿಲ್ಲ. ಈ ಪೂರ್ತಿ ಪ್ರತಿ ಅವಳಿಗೆ ಸಿಕ್ಕಿದ್ದು ಮೊನ್ನೆ, ಹೊಸಪೇಟೆಯ ಹಳೆ ಪುಸ್ತಕದಂಗಡಿಯಲ್ಲಿ. ಚಿಕ್ಕಂದಿನಲ್ಲಿ ಡ್ಯಾಂ ಕ್ವಾರ್ಟರ್ಸಿನ ಮನೆಯಲ್ಲಿದ್ದ ಪುಸ್ತಕಕ್ಕೆ ಕೊನೆಯ ಹಾಳೆಗಳೇ ಇರಲಿಲ್ಲ. ಪಕ್ಕದ ಮನೆಯ ಪಂಪೇಶ ಮರಿಯ ಗತಿ ನೆನೆದು ಮುಖ ಸಣ್ಣದು ಮಾಡಿದಾಗ ಅವಳೇ ಕಟ್ಟಿ ಹೇಳಿದ ಕೊನೆ ಅದು. ಕಾಲೇಜಿನ ದಿನಗಳಲ್ಲೂ ಕಾಲುವೆ ಏರಿಯ ಮೇಲೆ ಕೂತು, ಅವಳ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವನು ಅದನ್ನೇ ಕೇಳುತ್ತಿದ್ದ.

"ನಮ್ಮ ಮಕ್ಕಳಿಗೂ ನೀನ ಹೇಳಬೇಕು," ಎನ್ನುತ್ತಿದ್ದ. 'ನಮ್ಮ' ಎನ್ನುವಾಗ ಅವನಿಗೇ ನಾಚಿಕೆ.

"ನಿನಗ ಯಾರು ಹೇಳಿದ್ರು, ಪುಟ್ಟಿ?" ಗಂಗೋತ್ರಿ ಹುಡುಗಿಯನ್ನು ಕೇಳಿದಳು.

"ಪಪ್ಪ. ಆದ್ರ ಕಟ್ಟಿದ್ದು ನಮ್ಮ ಮಮ್ಮಿ!"

"ಗಾಯತ್ರಿ, ಬಾ ಇಲ್ಲಿ..." ಕರೆಯುತ್ತ ಬಂದವನ ದನಿ ಅರ್ಧಕ್ಕೆ ನಿಂತಿತು.

ಪಂಪೇಶ. ಅವನ ನೋಟ ಅವಳ ಮುಖದಿಂದ ಹೆಗಲಿಗಿಳಿದು, ಅಲ್ಲಿ ಜಡೆಯಿಲ್ಲದ್ದನ್ನು ಕಂಡು, ಮತ್ತೆ ಕಣ್ಣಿಗೆ ಬಂತು. ಮಕ್ಕಳಿಬ್ಬರೂ ಕಾರಂಜಿಯತ್ತ ಓಡಿದರು.

"ಆರಾಮ ಅದೀ, ಗಂಗೂ?"

"ಗಂಗೋತ್ರಿ ಅನ್ರಿ."

ಅವನು ತಲೆ ತಗ್ಗಿಸಿದ. ಮಗಳ ಮಾತು ಅವನ ಕಿವಿಗೂ ಬಿದ್ದಿತ್ತು. "ಆ ಕೊನಿ ಯಾರು ಕಟ್ಟಿದ್ದು ಅಂತ ಮಗಳು ಕೇಳಿದ್ಲು. ಹೆಂಡ್ತಿ ಸುಮಂಗಲಾ ಬಾಜೂಕ ಕುಂತಿದ್ಲು. ಏನಂತ ಹೇಳ್ಲಿ?"

"ಯಾರೋ ಒಬ್ಬಾಕಿ ಗೆಳತಿ ಅನ್ನಬಹುದಿತ್ತು. ನಿಮ್ಮವ್ವ ಕೇಳಿದಾಗೂ ಹಿಂಗ ಆತು. ನಾ ಬಾಗಿಲ ಹೊರಗ ನಿಂತಿದ್ದೆ. 'ಯಾರಲೇ ಅಕಿ?' ಅಂದ್ರು. ನೀ 'ಯಾರೂ ಇಲ್ಲ' ಅಂದಿ."

"ಗಂಗೂ, ಆ ಕಥಿ ಹೇಳುವಾಗೆಲ್ಲ ನನಗ ನಿನ್ನ ದನೀನ ಕೇಳತೈತಿ. ನಿನ್ನ ಬಿಟ್ಟು ಯಾರನ್ನೂ ನಾ..."

ಈ ಮಾತಿಗಾಗಿ ಕಾದು ಒಂದು ಕಾಲದಲ್ಲಿ ಅವಳು ಊಟ ಬಿಟ್ಟಿದ್ದಳು. ಈಗ ಬಂದಿತ್ತು. ಹೇಳುವವನ ಕೈಯಲ್ಲಿ ಮಗಳ ಚಪ್ಪಲಿ ತೂಗುತ್ತಿದ್ದವು.

"ಬ್ಯಾಡ. ಅದನ್ನೂ ಸುಮಂಗಲಾಗ ಹೇಳ್ರಿ."

ಗಾಯತ್ರಿ ಏದುಸಿರು ಬಿಡುತ್ತ ಓಡಿಬಂದಳು. "ಆಂಟಿ, ನಮ್ಮ ಮಮ್ಮೀದು ಚಂದ ಐತೋ ಇಲ್ಲೋ?"

ಪಂಪೇಶನ ಕಣ್ಣು ಅಂಗಲಾಚಿದವು. ಗಂಗೋತ್ರಿ ಹುಡುಗಿಯ ಬೆವೆತ ಕೆನ್ನೆ ಸವರಿದಳು.

"ಭಾಳ ಚಂದ ಐತವ್ವ."

ಅವರು ಹೋದರು. ಗೇಟಿನ ಬಳಿ ಅವನು ತಿರುಗಿ ನೋಡಿದ್ದು ಅವಳಿಗೆ ಕಂಡಿತು. ಅವಳು ಕೈಯೆತ್ತಲಿಲ್ಲ.

ಜಂಬು ಬಂದು ತಾಯಿಗೆ ಒರಗಿದ. "ಅವ್ವಾ, ಖರೇ ಯಾವುದು? ಮರಿಗೆ ಅವರವ್ವ ಸಿಗತೈತಾ?"

ಸಿಳ್ಳೆಯ ಕಥೆ ನಾಲಗೆಯ ತುದಿಗೆ ಬಂತು. ಆದರೆ ಅದೀಗ ಬೇರೊಬ್ಬ ತಾಯಿಯದು.

"ಪುಸ್ತಕದಾಗ ಇದ್ದದ್ದ ಖರೆ," ಎಂದು ಕೊನೆಯ ಹಾಳೆ ಓದಿದಳು. ಮರಿ ಒಂಟಿಯಾಗಿ ಹೊಳೆಯ ಸೆಳವಿನ ಜೊತೆ ಹೊರಟುಹೋಯಿತು.

ಜಂಬು ಪುಸ್ತಕವನ್ನು ಅವಳ ಕೈಯಿಂದ ತೆಗೆದು ಮುಚ್ಚಿದ.

"ಇದನ್ನ ಮತ್ತ ಓದಬ್ಯಾಡ, ಅವ್ವ."