ಮೂರನೆಯ ಪ್ರಕಟಣೆ

"ಒಳ್ಗ್ ಬರ್ಬೇಡ, ರಮಿತಾ."

ಐಸ್ ಪ್ಲಾಂಟಿನ ಗೇಟಿಗೆ ಅಡ್ಡವಾಗಿ ಅಲ್ಲಿನ ಆಪರೇಟರ್ ಸುಧೀರ್ ನಿಂತಿದ್ದ, ಮೂಗಿಗೆ ಒದ್ದೆ ಬೈರಾಸು ಒತ್ತಿಕೊಂಡು. ಬ್ರಹ್ಮಾವರದಿಂದ ಉಪ್ಪುಂದಕ್ಕೆ ಬಸ್ಸಿನಲ್ಲಿ ಬಂದಿಳಿದ ರಮಿತಾಳ ಕಣ್ಣು ಉರಿಯತೊಡಗಿತು. ಅವನು ತನ್ನ ಬೈರಾಸನ್ನೇ ತೆಗೆದು ಅವಳ ಮೂಗಿಗೆ ಹಿಡಿದ.

ನಿನ್ನೆಯಿಂದ ವಾಲ್ವಿನಲ್ಲಿ ಅಮೋನಿಯಾ ಸೋರುತ್ತಿದೆ ಎಂದ. ಉಸಿರಿಗೆ ಹೋದರೆ ಜೀವಕ್ಕೇ ಅಪಾಯ. ಆದರೆ ಧಣಿಗಳು ಪ್ಲಾಂಟ್ ನಿಲ್ಲಿಸಲು ಒಪ್ಪುತ್ತಿಲ್ಲ. ದೋಣಿಗಳು ಮೀನು ತುಂಬಿಕೊಂಡು ಬರುವ ಸಮಯ. ಎರಡು ವಾರ ಸುಮ್ಮನೆ ನಡೆಸಿಕೊಟ್ಟರೆ ಇವನಿಗೆ ಮ್ಯಾನೇಜರ್ ಕೆಲಸ, ತಲ್ಲೂರಿನಲ್ಲಿ ನೋಡಿಟ್ಟ ಮನೆಗೆ ಮುಂಗಡವೂ ಅವರದೇ.

ತಲ್ಲೂರಿನ ಮನೆ... ರಮಿತಾ ಮನಸ್ಸಿನಲ್ಲೇ ಅಲ್ಲಿ ಸಂಸಾರ ಹೂಡಿ ಆರು ತಿಂಗಳಾಗಿತ್ತು.

ಅವರಿಬ್ಬರ ಮದುವೆಯ ಪ್ರಕಟಣೆಯನ್ನು ಎರಡು ಭಾನುವಾರ ಚರ್ಚಿನಲ್ಲಿ ಓದಿಯಾಗಿತ್ತು. ಮೂರನೆಯದು ನಾಡಿದ್ದು. ಅದೂ ಆಕ್ಷೇಪವಿಲ್ಲದೆ ಮುಗಿದರೆ ಮದುವೆ.

"ಮದಿ ಆಪಲ್ಲಿವರೆಗೆ ಸುಮ್ನೆ ಇಪ್ಪುಕೆ ಆತ್ತಿಲ್ಯಾ ನಿಮ್ಗೆ?" ಎಂದಳು ರಮಿತಾ.

ಒಳಗೆ, ಮೂಗಿಗೆ ಸೆರಗು ಕಟ್ಟಿಕೊಂಡು ಮೀನಿಗೆ ಐಸ್ ತುಂಬುವ ಹೆಂಗಸರು ಯಾವುದಕ್ಕೋ ನಗುತ್ತಿದ್ದರು. ಸುಧೀರ್ ಆ ಕಡೆ ನೋಡಿದ.

ಮರುದಿನ ಮಧ್ಯಾಹ್ನ ಅವನು ಪ್ಲಾಂಟ್ ಬಂದ್ ಮಾಡಿ, ಎಲ್ಲರನ್ನೂ ಹೊರಗೆ ಕಳಿಸಿದ. ಸಂಜೆಯೊಳಗೆ ಅವನ ಕೆಲಸ ಹೋದ ಸುದ್ದಿ ಬ್ರಹ್ಮಾವರಕ್ಕೂ ಬಂತು. ರಮಿತಾ ಹತ್ತು ಸಲ ಫೋನ್ ಮಾಡಿದಳು. ಸ್ವಿಚ್ ಆಫ್.

'ನಾನು ಎಂಥವಳೆಂದು ಅವರಿಗೆ ಗೊತ್ತಾಯಿತು... ಇನ್ನು ನನ್ನನ್ನು ಯಾಕೆ ಮದುವೆಯಾಗುತ್ತಾರೆ?'

ಭಾನುವಾರ ಚರ್ಚಿನಲ್ಲಿ ಅವಳ ಕೈ ತಣ್ಣಗಾಗಿತ್ತು. ಪಕ್ಕದಲ್ಲಿ ಕುಳಿತ ಸೋದರತ್ತೆ ಸುಗಂಧಿ ಏನೂ ಕೇಳದೆ ಆ ಕೈಯನ್ನು ತಮ್ಮ ಸೆರಗಿನೊಳಗೆ ಎಳೆದುಕೊಂಡರು. ಸುಧೀರ್ ಬಂದು ಗಂಡಸರ ಕಡೆಯ ಕೊನೆಯ ಬೆಂಚಿನಲ್ಲಿ ಕುಳಿತದ್ದನ್ನು ರಮಿತಾ ಕಂಡಿದ್ದಳು. ತಿರುಗಿ ನೋಡುವ ಧೈರ್ಯವಿರಲಿಲ್ಲ.

ಪಾದ್ರಿಗಳು ಇಬ್ಬರ ಹೆಸರನ್ನೂ ಓದಿದರು. ಇದು ಕೊನೆಯ ಪ್ರಕಟಣೆ, ಆಕ್ಷೇಪವಿದ್ದವರು ಈಗಲೇ ತಿಳಿಸಬೇಕು ಎಂದರು.

ಹಿಂದೆ ಬೆಂಚು ಕಿರುಗುಟ್ಟಿತು. ಯಾರೋ ಎದ್ದರು.

'ಅವರೇ...' ರಮಿತಾ ಕಣ್ಣು ಮುಚ್ಚಿದಳು.

"ನಮ್ ಕೂಲಿ ಅಂತೂ ತೆಗ್ದ್ರಿ ಮಾರಾಯ್ರೆ, ಕೂಕಂಬುಕೆ ಜಾಗ ಆರೂ ಕೊಡಿ," ಎಂದು ಹೆಂಗಸೊಬ್ಬಳ ಪಿಸುದನಿ ಇಡೀ ಚರ್ಚಿಗೆ ಕೇಳಿಸಿತು.

ರಮಿತಾ ತಿರುಗಿದಳು. ಐಸ್ ಪ್ಲಾಂಟಿನ ವನಜ, ಜೊತೆಗೆ ಇನ್ನಿಬ್ಬರು ಹೆಂಗಸರು. ಅವರಿಗೆ ಜಾಗ ಬಿಟ್ಟುಕೊಟ್ಟು ಸುಧೀರ್ ಗೋಡೆಗೆ ಒರಗಿ ನಿಂತಿದ್ದ. ಆಕ್ಷೇಪ ಯಾರದೂ ಇರಲಿಲ್ಲ. ಪಾದ್ರಿಗಳು ಮುಗುಳ್ನಕ್ಕು ಮುಂದಿನ ಕೀರ್ತನೆಯ ಸಂಖ್ಯೆ ಹೇಳಿದರು.

ಆರಾಧನೆ ಮುಗಿದ ಮೇಲೆ ವನಜ ರಮಿತಾಳನ್ನು ಹುಡುಕಿಕೊಂಡು ಬಂದಳು. ಇವತ್ತು ಇವರ ಹೆಸರು ಓದುತ್ತಾರೆಂದು ಗೊತ್ತಿತ್ತಂತೆ. ಕೆಲಸ ಹೋದವನೆಂದು ಯಾರಾದರೂ ಬೇಡ ಎಂದರೆ ಎದ್ದು ಮಾತಾಡಲು ಮೂವರೂ ಬಸ್ಸು ಹಿಡಿದು ಬಂದಿದ್ದರು. ಕೂಲಿ ಇಲ್ಲದ ದಿನ, ಸ್ವಂತ ದುಡ್ಡಿನಲ್ಲಿ.

ಅವರೆಲ್ಲ ಹೋದ ಮೇಲೆ ರಮಿತಾ ಸುಧೀರನ ಬಳಿ ಬಂದಳು.

"ಆ ಮನೆ ಕಿಟ್ಕಿಗೆ ಯಾವ ಬಣ್ಣದ ಪರದೆ ಅಂತ್ಲೂ ಯೋಚ್ನೆ ಮಾಡಿಟ್ಟಿದ್ದೆ. ಪ್ಲಾಂಟ್ ಒಳ್ಗಿಪ್ಪು ಹೆಂಗ್ಸರ ಬಗ್ಗೆ ಒಂದ್ ಸಲವೂ ಯೋಚ್ನೆ ಮಾಡ್ಲಿಲ್ಲ. ನೀವ್ ನನ್ನ ಬ್ಯಾಡ ಅಂತ್ರಿ ಅಂದ್ಕಂಡೆ."

"ನೀನೇ ನನ್ನ ಬ್ಯಾಡ ಅಂತೆ ಅಂದೇಳಿ ನಾನ್ ಫೋನ್ ಆಫ್ ಮಾಡಿದ್ದ್," ಎಂದ ಸುಧೀರ್.

ಆಮೇಲೆ ಮೆಲ್ಲಗೆ ಹೇಳಿದ, "ಮೂರ್ ವರ್ಷದಿಂದ ದೇವ್ರ ಹತ್ರ ಮನೆ ಕೇಂತಿದ್ದೆ. ನಿನ್ನೆ ವಾಲ್ವ್ ಎದ್ರ್ ನಿಂತ್ಕಂಡ್ ಅದನ್ನ್ ಕೇಂಬುಕೆ ಬಾಯಿ ಬರ್ಲಿಲ್ಲ. ಜ್ಞಾನ ಕೊಡು ಅಂದೆ, ಅಷ್ಟೇ."

"ಕೊಟ್ರಾ?"

"ಹೆದ್ರಿಕೆ ಅಂತೂ ಹೋಯ್ಲಿಲ್ಲ. ಕೈ ಮಾತ್ರ ಸ್ವಿಚ್ಚಿಗ್ ಹೋಯ್ತ್."

ರಮಿತಾ ಕಣ್ಣೊರೆಸಿಕೊಂಡಳು. ಮನೆ ಇಲ್ಲ, ಕೆಲಸ ಇಲ್ಲ. ಆದರೂ ಈ ಮನುಷ್ಯನ ಪಕ್ಕ ನಿಂತು ಎರಡು ದಿನದಲ್ಲಿ ಮೊದಲ ಸಲ ಅವಳು ಪೂರ್ತಿ ಉಸಿರೆಳೆದಳು.

"ಮುಂದೆ ಎಂತ ಆತ್ತೋ... ಹೆದ್ರಿಕೆ ನಂಗೆ ಈಗ್ಳೂ ಇತ್ತ್," ಎಂದಳು.

"ನಂಗೂ ಇತ್ತ್," ಅವನು ಅವಳ ಕೈ ಹಿಡಿದ. "ಇಬ್ರೂ ಒಟ್ಟಿಗೆ ಹೆದ್ರುವ."