ಮಕ್ಕಳಿಲ್ಲದ ಫೋಲ್ಡರಿಗೆ ಪ್ಲಸ್ ಗುರುತು

"ಈ ಅಪ್ಪನಿಗೆ ಮಕ್ಕಳೇ ಇಲ್ಲ ಕಣ್ರೀ! ಆದ್ರೂ ಇನ್ನೂ ಇದ್ದಾರೆ ಅಂತಾನೇ ತೋರಿಸ್ತಿದೆ!"

ಫೋನಿನ ಸ್ಪೀಕರಿನಿಂದ ಗಂಡಸಿನ ದನಿ ಮನೆಯೆಲ್ಲ ಕೇಳಿಸಿತು. ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಮಗಳಿಗೆ ಅದರ ಪರಿವೆಯೇ ಇಲ್ಲ. ಅವಳು ಬರೆಯುತ್ತಿದ್ದುದು ಕಂಪ್ಯೂಟರಿನ ಫೈಲುಗಳನ್ನು ಜೋಡಿಸಿ ತೋರಿಸುವ ಒಂದು ಪ್ರೋಗ್ರಾಂ, ಫೈಲ್ ಮ್ಯಾನೇಜರ್. ಎಡಗಡೆಗೆ ಫೋಲ್ಡರುಗಳ ಮರ. ಹೊರಗಿನ ಫೋಲ್ಡರ್ ಅಪ್ಪ, ಅದರೊಳಗಿನವು ಮಕ್ಕಳು. ಪಕ್ಕದ ಪ್ಲಸ್ ಗುರುತು ಒತ್ತಿದರೆ ಮಕ್ಕಳು ಸಾಲಾಗಿ ಕೆಳಗಿಳಿಯಬೇಕು. ಆದರೆ ಖಾಲಿ ಫೋಲ್ಡರಿನ ಪಕ್ಕದಲ್ಲೂ ಪ್ಲಸ್ ಜಂಬದಿಂದ ನಿಂತಿರುತ್ತಿತ್ತು; ಒತ್ತಿದರೆ ಪೆಚ್ಚಾಗಿ ಮಾಯವಾಗುತ್ತಿತ್ತು.

ಫೋನಿನಲ್ಲಿದ್ದವನು ಟೆಸ್ಟರ್. ಅವಳು ಬರೆದದ್ದರಲ್ಲಿ ಹುಳುಕು, ಅಂದರೆ ಬಗ್, ಹುಡುಕುವುದೇ ಅವನ ಕೆಲಸ. ಆಫೀಸಿನವರು ಅವನಿಗೆ ಭೂತಗನ್ನಡಿ ಅಂತ ಹೆಸರಿಟ್ಟಿದ್ದರು.

"ಪ್ರತಿಯೊಂದರ ಒಳಗೂ ಮೊದಲೇ ಹೋಗಿ ನೋಡ್ತಾ ಕೂತ್ರೆ ಮರ ತೆವಳುತ್ತೆ ರೀ. ಒತ್ತಿದ ಮೇಲೆ ನೋಡಿದ್ರಾಯ್ತು," ಎಂದಳು.

"ಪೂರ್ತಿ ನೋಡಿ ಅಂದೆನಾ? ಒಂದು ಮಗು ಕಂಡ ಕೂಡಲೇ ವಾಪಸ್ ಬನ್ನಿ. ಸ್ವಲ್ಪ ಇಣುಕಿ ನೋಡೋಕೆ ಏನ್ರೀ ಧಾಡಿ ನಿಮಗೆ?"

ಅವಳು ತುಟಿ ಕಚ್ಚಿ ನಗು ತಡೆದಳು. ಅದೇನು ಮಹಾ, ನಾಲ್ಕು ಸಾಲಿನ ಕೆಲಸ. ಎಂದೋ ಬರೆದಿಟ್ಟಿದ್ದಳು, ಕಳಿಸಿರಲಿಲ್ಲ, ಅಷ್ಟೇ. ಇದೇ ಕೊನೆಯ ಬಗ್. ಇದು ಮುಗಿದರೆ ಅವನು ಬೇರೆ ತಂಡಕ್ಕೆ, ಬೇರೆ ಕಟ್ಟಡಕ್ಕೆ. ಆಮೇಲೆ ಯಾವ ನೆಪದಲ್ಲಿ ಫೋನ್ ಮಾಡುವುದು? ನನ್ನ ಜೊತೆ ದಿನಾ ಹೀಗೇ ಜಗಳ ಆಡಿ ಅಂತ ಯಾರನ್ನಾದರೂ ಕೇಳುವುದುಂಟೇ?

ಆಫೀಸಿನಲ್ಲಿ ಅವನು ಅವಳ ಕುರ್ಚಿಯ ಹಿಂದೆ ಬಗ್ಗಿ ನಿಂತು ಬಗ್ ತೋರಿಸುತ್ತಿದ್ದಾಗ ಒಮ್ಮೆ ಮಾನಿಟರ್ ತಾನಾಗೇ ಆರಿಹೋಗಿತ್ತು. ಕಪ್ಪು ಪರದೆಯಲ್ಲಿ ಇಬ್ಬರ ಮುಖವೂ ಕಂಡಿತ್ತು. ಅವಳು ಅವನನ್ನು ನೋಡುತ್ತಿದ್ದಳು, ಅವನು ಅವಳನ್ನು. ಮೌಸ್ ಅಲ್ಲಾಡಿಸಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಆಮೇಲೆ ಅವನು ಕೆಮ್ಮಿ, "ಆ ಐಕಾನ್ ಸ್ವಲ್ಪ ಓರೆ ಇದೆ," ಅಂದಿದ್ದ. ಅಯ್ಯೋ, ಐಕಾನಂತೆ ಐಕಾನು!

"ಒಂದ್ನಿಮಿಷ ಇರಿ, ಚಾರ್ಜರ್ ತರ್ತೀನಿ," ಎಂದು ಅವಳು ಕೋಣೆಗೆ ಹೋದಳು.

ಅಮ್ಮ ಕಾಯುತ್ತಿದ್ದದ್ದೇ ಅದಕ್ಕೆ. ಬಟ್ಟೆಗೆ ಕೈ ಒರೆಸಿಕೊಂಡು ಫೋನ್ ಎತ್ತಿಕೊಂಡರು.

"ನೋಡಪ್ಪಾ, ನಾನು ಅವಳ ಅಮ್ಮ. ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನಗೆ ಮಕ್ಕಳೆಷ್ಟು?"

"ಅಮ್ಮಾ! ನನಗೆ ಮದುವೇನೇ ಆಗಿಲ್ಲ!"

"ಮತ್ತೆ ಯಾವ ಅಪ್ಪ, ಯಾವ ಮಕ್ಕಳು? ಮೊನ್ನೆ ಇವಳು, ಅಪ್ಪನ್ನ ತೆಗೆದ್ರೆ ಮಕ್ಕಳೂ ಹೋಗ್ತಾರಾ ಅಂತ ಕೇಳ್ತಿದ್ಲು. ನನ್ನ ಎದೆ ಧಸಕ್ಕಂತು!"

"ಅದು ಫೋಲ್ಡರ್ ಅಮ್ಮಾ, ಫೋಲ್ಡರ್!"

"ಏನಾದ್ರೂ ಇರ್ಲಿ. ಮಕ್ಕಳಿರೋನಿಗೆ ಮಗಳನ್ನ ಕೊಡೋದು ಅಂದ್ರೆ ನಾನು ಯೋಚ್ನೆ ಮಾಡ್ಬೇಕಾಗುತ್ತೆ."

ಚಾರ್ಜರ್ ಹಿಡಿದು ಬಾಗಿಲಲ್ಲಿ ನಿಂತಿದ್ದವಳಿಗೆ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು.

ಆ ಕಡೆ ದನಿ ಮೆತ್ತಗಾಯಿತು. "ಹಾಗಂತ... ಅವರು ಏನಾದ್ರೂ ಹೇಳಿದ್ರಾ ಅಮ್ಮಾ?"

"ಅವಳೆಲ್ಲಿ ಬಾಯಿ ಬಿಡ್ತಾಳೆ! ನಿನ್ನ ಫೋನ್ ಬರೋ ಹೊತ್ತಿಗೆ ತಲೆ ಬಾಚ್ಕೊಂಡು ಬಂದು ಕೂರ್ತಾಳೆ. ಫೋನಲ್ಲಿ ತಲೆ ಕಾಣುತ್ತೇನಪ್ಪಾ?"

"ಅಮ್ಮಾ!" ಬಾಗಿಲಿನಿಂದ ಮಗಳು ಕಿರುಚಿದಳು.

ಅವಳು ಫೋನ್ ಕಿತ್ತುಕೊಂಡು ಬಾಲ್ಕನಿಗೆ ಓಡಿದಳು. ಸ್ಪೀಕರ್ ಆರಿಸಿದಳು.

"ತಪ್ಪು ತಿಳ್ಕೋಬೇಡಿ. ಅಮ್ಮ ಸುಮ್ನೆ ಏನೋ..."

"ಒಂದು ಮಾತು ಹೇಳಿ. ನಾಲ್ಕು ಸಾಲಿನ ಕೆಲಸ ಇದು. ಇಷ್ಟು ದಿನ ಯಾಕೆ ಎಳೆದ್ರಿ?"

ಸಿಕ್ಕಿಬಿದ್ದಿದ್ದಳು. ಆದರೆ ಬಿಟ್ಟುಕೊಡುವ ಜಾತಿಯಲ್ಲ. "ಮೊದಲು ನೀವು ಹೇಳಿ. ಮೊದಲ ದಿನವೇ ಕಣ್ಣಿಗೆ ರಾಚೋ ಬಗ್ಗು. ಭೂತಗನ್ನಡಿಗೆ ಎಲ್ಲಾ ಮುಗಿದ ಮೇಲೆ ಕಾಣಿಸ್ತಾ?"



"ಮೊದಲ ದಿನವೇ ಕಂಡಿತ್ತು. ಕೊನೆಗೆ ಒಂದಾದ್ರೂ ಇರ್ಲಿ ಅಂತ ಎತ್ತಿಟ್ಕೊಂಡಿದ್ದೆ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಕಳ್ಳ! ತಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದಳು.

"ಹೇಳ್ಬಾರದಿತ್ತಾ?"

"ಹೇಗೆ ಹೇಳ್ಲಿ? ಪ್ಲಸ್ ಏನೋ ಕಾಣ್ತಿತ್ತು. ಒತ್ತಿದ್ಮೇಲೆ ಒಳಗೆ ಏನೂ ಇಲ್ದೇ ಹೋದ್ರೆ ಅಂತ ಭಯ ಆಯ್ತು."

"ಸ್ವಲ್ಪ ಇಣುಕಿ ನೋಡೋಕೆ," ಅಂದಳು ಅವಳು, "ಏನೋ ಧಾಡಿ ನಿನಗೆ?"



"ಇನ್ನೊಂದ್ಸಲ ಹೇಳು," ಎಂದನು ಅವನು.

"ಏನು?"

"ಅದೇ, ನಿನಗೆ ಅಂದ್ಯಲ್ಲ, ಅದು."

"ನಿನಗೆ. ನಿನಗೇ ಕಣೋ. ಸಾಕಾ? ಇಷ್ಟ ಕಣೋ ನೀನು ನನಗೆ!"

"ನನಗೂ! ಎಷ್ಟು ದಿನದಿಂದ ಗೊತ್ತಾ!" ಎಂದು ಅವನು ಕೂಗಿದ್ದಕ್ಕೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಅವಳು ಒಳಗೆ ಓಡಿಬಂದು ಆ ನಾಲ್ಕು ಸಾಲು ಕಳಿಸಿಬಿಟ್ಟಳು. ಖಾಲಿ ಫೋಲ್ಡರುಗಳ ಪ್ಲಸ್ ಎಲ್ಲ ಮಾಯವಾದವು, ತುಂಬಿದವುಗಳದ್ದು ಉಳಿಯಿತು.

"ಮಕ್ಕಳ ವಿಷಯ ಏನಾಯ್ತೇ?" ಅಡುಗೆಮನೆಯಿಂದ ಅಮ್ಮ ಕೂಗಿದರು.

ಅವಳ ಕಿವಿಯಲ್ಲಿ ಅವನು ಮೆಲ್ಲಗೆ ನಕ್ಕ. "ಅಮ್ಮನಿಗೆ ಹೇಳು, ಸದ್ಯಕ್ಕಂತೂ ಇಲ್ಲ ಅಂತ."