ತಣ್ಣನೆಯ ಚಹಾ ಕೊಟ್ಟ ಹುಡುಗಿ

ಯಮುನ ಗಾಜಿನ ಲೋಟವನ್ನು ಅವನ ಕೈಗೆ ಕೊಟ್ಟಳು. ಲೋಟದೊಳಗಿನ ಐಸಿನ ಚೂರುಗಳು ಕಿಣಿಕಿಣಿ ಎಂದವು.

ಧರ್ಮಪಾಲ ತಲೆ ಎತ್ತಿದ.

ಒಂದೇ ಕ್ಷಣ... ಅಷ್ಟೇ! ಯಮುನಳ ಎದೆಯೊಳಗೆ ಏನೋ ಜಾರಿದಂತಾಯಿತು.

‘ಇವರೇನಾ? ಹೆಣ್ಣು ನೋಡಲು ಬಂದವರು ಇಷ್ಟು ಮೆತ್ತಗೆ ನೋಡುತ್ತಾರಾ?’

ಅವನು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ತುಟಿಯಲ್ಲಿ ಸಣ್ಣ ನಗು ಮೂಡಿತು. ಆಮೇಲೆ ಒಂದು ದೊಡ್ಡ ಗುಟುಕು ಕುಡಿದ.

ಮರುಕ್ಷಣವೇ ಅವನ ಮುಖ ಕಿವುಚಿಕೊಂಡಿತು! ಕಣ್ಣುಗಳು ಬಿಗಿಯಾಗಿ ಮುಚ್ಚಿದವು. ಎಡಗೈ ತಾನಾಗಿ ಕೆನ್ನೆಗೆ ಹೋಯಿತು. ಲೋಟವನ್ನು ಸ್ಟೂಲಿನ ಮೇಲೆ ಇಟ್ಟುಬಿಟ್ಟ.

ಪಕ್ಕದಲ್ಲಿದ್ದ ಅವನ ದೊಡ್ಡಪ್ಪ ಮೊಣ್ಣಪ್ಪ ಅದನ್ನು ನೋಡಿದರು. ತಮ್ಮ ಲೋಟವನ್ನು ತುಟಿಗೆ ಸೋಕಿಸಿ, ಹಾಗೇ ಕೆಳಗಿಟ್ಟರು.

"ಎಂಥ ಇದು ಕುಶಾಲಪ್ಪ? ಹೆಣ್ಣು ನೋಡೋಕೆ ಬಂದವರಿಗೆ ಆರಿಹೋದ ಚಾ ಕೊಡೋದಾ?"

ಯಮುನಳ ಅಪ್ಪ ಗಾಬರಿಯಾದರು. "ಆರಿದ್ದಲ್ಲ ಮೊಣ್ಣಪ್ಪಣ್ಣ, ಐಸು ಹಾಕಿದ್ದು. ನಮ್ಮ ಗೂಡೆ ಆಸೆಪಟ್ಟು ಮಾಡಿದ್ಲು..."

"ಬಿಸಿ ಮಾಡೋಕೆ ಮನೇಲಿ ಸೌದೆ ಇಲ್ವಾ? ನಮ್ಮ ಹೈದನ ಮುಖ ನೋಡು! ಗಂಟಲಲ್ಲಿ ಇಳೀತಾ ಇಲ್ಲೆ ಅವನಿಗೆ. ಏಳು ಧರ್ಮಪಾಲ!"

ಯಮುನ ಬಾಗಿಲಿಗೆ ಒರಗಿ ನಿಂತೇ ಇದ್ದಳು. ‘ಒಂದು ಮಾತು ಹೇಳಿ... ಚೆನ್ನಾಗಿಲ್ಲ ಅಂತಲಾದರೂ ನೀವೇ ಹೇಳಿ...’

ಧರ್ಮಪಾಲ ಎದ್ದ. ಅವಳ ಕಡೆ ನೋಡಿದ. ಅವನ ಕಣ್ಣಲ್ಲಿ ನೀರಿತ್ತು. ಆದರೆ ಬಾಯಿ ತೆರೆಯಲಿಲ್ಲ. ಅಂಗಳದಲ್ಲಿ ನಿಂತಿದ್ದ ಜೀಪು ಹೊರಟುಹೋಯಿತು.

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ವರ್ಷಗಳವು. ಆ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತ್ತು. ಕಾಫಿ ಗಿಡದ ಎಲೆಗಳು ಬಾಡಿ ನೇತಾಡುತ್ತಿದ್ದವು. ಚೇರಂಬಾಣೆಯ ಆ ಮನೆಯೊಳಗೂ ಸೆಕೆ ತಡೆಯುವಂತಿರಲಿಲ್ಲ.

ಹುಡುಗ ದಕ್ಷಿಣ ಕೊಡಗಿನ ಚಹಾ ತೋಟವೊಂದರ ಫ್ಯಾಕ್ಟರಿಯಲ್ಲಿ ಚಹಾಪುಡಿ ಮಾಡಿಸಿ ರುಚಿ ನೋಡುವ ಟೀ ಮೇಕರ್ ಎಂದು ಕೇಳಿದ ದಿನವೇ ಯಮುನ ನಿರ್ಧರಿಸಿದ್ದಳು. ಎಲ್ಲ ಮನೆಗಳಲ್ಲೂ ಕಾಫಿ ಕೊಡುತ್ತಾರೆ. ತಾನು ಚಹಾ ಕೊಡಬೇಕು. ಅದೂ ಮಡಿಕೇರಿಯಲ್ಲಿ ಟೀಚರ್ ಟ್ರೈನಿಂಗ್ ಮಾಡುವಾಗ ಹಾಸ್ಟೆಲಿನ ವಾರ್ಡನ್ ಸರೋಜ ಟೀಚರ್ ಕಲಿಸಿದ ತಣ್ಣನೆಯ ಚಹಾ!

ಅವತ್ತಿನ ಐಸು ಮೈಸೂರಿನಿಂದ ಬಸ್ಸಿನ ಮೇಲೆ, ಮರದ ಹೊಟ್ಟು ತುಂಬಿದ ಗೋಣಿಯಲ್ಲಿ ಬಂದಿತ್ತು. ಮಡಿಕೇರಿಯ ಸೋಡಾ ಅಂಗಡಿಯ ಸಿದ್ದರಾಜುವಿಗೆ ಹೇಳಿ ತರಿಸಿದ್ದು. ಮನೆ ತಲುಪುವಷ್ಟರಲ್ಲಿ ಅರ್ಧ ಕರಗಿತ್ತು. ಉಳಿದದ್ದನ್ನು ಎರಡು ಸಲ ತೊಳೆದು, ಬಟ್ಟೆಯಲ್ಲಿ ಸುತ್ತಿ, ಒನಕೆಯ ತುದಿಯಿಂದ ಕುಟ್ಟಿದ್ದಳು. ನಿಂಬೆರಸ, ಕಾಡುಜೇನು, ಎರಡೇ ಹನಿ ಶುಂಠಿರಸ...

ಅಷ್ಟೆಲ್ಲ ಮಾಡಿದ್ದು ಇದಕ್ಕಾ?

ಎಲ್ಲರೂ ಹೋದ ಮೇಲೆ ಅವಳು ಅವನ ಲೋಟವನ್ನೇ ಎತ್ತಿ ಒಂದು ಗುಟುಕು ಕುಡಿದಳು. ಹುಳಿ ಇತ್ತು, ಸಿಹಿ ಇತ್ತು, ಚಹಾದ ಒಗರು ಹಿತವಾಗಿತ್ತು. ಎಲ್ಲಿಯೂ ತಪ್ಪಿರಲಿಲ್ಲ!

‘ಹಾಗಾದರೆ ಆ ಮುಖ ಯಾಕೆ ಹಾಗಾಯಿತು?’

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಏಳೆಂಟಲ ಎಂದವಳು ನಿಂತುಬಿಡುತ್ತಿದ್ದಳು. ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮನೆಗೆ ಬಂದವಳೇ ಬಾವಿಯಿಂದ ನೀರು ಸೇದಿ, ಹೂಜಿಗೆ ಒದ್ದೆ ಬಟ್ಟೆ ಸುತ್ತಿ, ಮತ್ತೆ ಅದೇ ಚಹಾ ಮಾಡುತ್ತಿದ್ದಳು. ಐಸಿಲ್ಲದಿದ್ದರೂ ಅದು ತಣ್ಣಗಿರುತ್ತಿತ್ತು. ಒಂದು ದಿನ ನಿಂಬೆ ಕಡಿಮೆ. ಇನ್ನೊಂದು ದಿನ ಶುಂಠಿಯೇ ಇಲ್ಲ. ಮತ್ತೊಂದು ದಿನ ಜೇನಿನ ಬದಲು ಬೆಲ್ಲ.

"ಸಾಕು ಮಾರಾಯ್ತಿ!" ಅವ್ವ ತಂಗಮ್ಮ ಲೋಟ ಕಿತ್ತುಕೊಂಡರು. "ಯಾರಿಗೆ ಅಂತ ಮಾಡ್ತಿ? ಅವರು ಹೋಗಿ ಹತ್ತು ದಿನ ಆಯ್ತು."

"ಎಲ್ಲಿ ತಪ್ಪಿದ್ದು ಅಂತ ಗೊತ್ತಾಗ್ಬೇಕಲ್ಲ ಅವ್ವ."

"ತಪ್ಪಿದ್ದು ನಿನ್ನ ಚಾ ಅಲ್ಲ, ನಿನ್ನ ಹಟ. ಅಪ್ಪ ಕಾಫಿ ಮಾಡು ಅಂದಿದ್ರು. ಮಾಡಿದ್ದರೆ ಮುಗೀತಿತ್ತು."

ಯಮುನ ಹೂಜಿಯನ್ನು ಮೂಲೆಗೆ ಎತ್ತಿಟ್ಟಳು. ನಿಜ ತಾನೇ... ಕಾಫಿ ಕೊಟ್ಟಿದ್ದರೆ?

ಶುಕ್ರವಾರ ಅಪ್ಪ ಹೊಸ ಸುದ್ದಿ ತಂದರು. ಹಾರಂಗಿ ಹೊಳೆಯ ಆಚೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವವರು ಬುಧವಾರ ಬರುತ್ತಾರೆ. ಹೆಂಡತಿ ತೀರಿಕೊಂಡು ವರ್ಷವಾಗಿದೆ. ಹುಡುಗಿ ಶಾಲೆಯ ಕೆಲಸ ಬಿಟ್ಟು ಮನೆಯಲ್ಲಿದ್ದರೆ ಸಾಕಂತೆ.

"ಈ ಸಲ ಕಾಫಿ," ಅಪ್ಪ ನೆಲ ನೋಡುತ್ತ ಹೇಳಿದರು. "ಬಿಸಿ ಕಾಫಿ. ಊರೆಲ್ಲ ಕೇಳ್ತದೆ ಯಮುನ, ತಣ್ಣನೆ ಚಾ ಕೊಟ್ಟು ಗಂಡಿನವರನ್ನ ಓಡಿಸಿದ್ರಂತಲ್ಲ ಅಂತ. ನಂಗೆ ತಲೆ ಎತ್ತೋಕಾಗ್ತಾ ಇಲ್ಲೆ."

ಬೈದಿದ್ದರೆ ಅವಳು ಎದುರು ಮಾತಾಡುತ್ತಿದ್ದಳು. ಆದರೆ ಅಪ್ಪ ಬೈಯಲಿಲ್ಲ. ಅವರ ಧ್ವನಿ ಒಡೆದಿತ್ತು. ಅದೇ ಅವಳನ್ನು ಸುಟ್ಟಿತು.

‘ಆ ಮನುಷ್ಯನ ಬಾಯಿಂದ ಕಾರಣ ಕೇಳದೆ ನಾನು ಇನ್ನೊಬ್ಬರ ಮುಂದೆ ಕೂರುವುದಿಲ್ಲ!’

ಅಪ್ಪನ ತಂಗಿ ನೀಲಾವತಿಯ ಮನೆ ಗೋಣಿಕೊಪ್ಪಲಿನಲ್ಲಿತ್ತು. ಚಹಾದ ಪೆಟ್ಟಿಗೆಗಳನ್ನು ಲಾರಿಗೆ ಹಾಕಿಸಲು ಧರ್ಮಪಾಲ ಪ್ರತಿ ಸಂತೆಯ ದಿನ ಅಲ್ಲಿಗೆ ಬರುತ್ತಾನೆಂದು ಸಂಬಂಧ ತಂದಿದ್ದ ಅವರೇ ಹೇಳಿದ್ದರು. ರವಿಕೆ ಬಟ್ಟೆ ತರುವ ನೆಪ ಹೇಳಿ ಯಮುನ ಶನಿವಾರ ಅತ್ತೆಯ ಮನೆಗೆ ಹೋದಳು. ಭಾನುವಾರ ಬೆಳಿಗ್ಗೆ ಅತ್ತೆಯ ಕೈ ಹಿಡಿದಳು.

"ಅತ್ತೆ, ನಾನು ಅವರ ಹತ್ರ ಒಂದು ಮಾತು ಕೇಳ್ಬೇಕು. ನೀವು ಪಕ್ಕದಲ್ಲೇ ಇರಿ."

"ನಿಂಗೆ ತಲೆ ಕೆಟ್ಟಿದಾ? ನಿನ್ನಪ್ಪನಿಗೆ ಗೊತ್ತಾದ್ರೆ..."

"ಗೊತ್ತಾಗ್ಲಿ. ಅವಮಾನ ಆದದ್ದು ಅಪ್ಪನಿಗೇ ಅಲ್ವಾ?"

ನೀಲಾವತಿ ಅವಳ ಮುಖವನ್ನೇ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿದರು.

ಸಂತೆಯ ಗದ್ದಲ, ಕರಿಮೆಣಸಿನ ಮೂಟೆಗಳು, ಬಸ್ಸಿನ ಧೂಳು. ಲಾರಿಯ ಪಕ್ಕ ನಿಂತು ಪೆಟ್ಟಿಗೆ ಎಣಿಸುತ್ತಿದ್ದವನನ್ನು ಯಮುನ ಬೆನ್ನಿನಿಂದಲೇ ಗುರುತಿಸಿದಳು.

"ಸ್ವಲ್ಪ ನಿಲ್ಲಿ!"

ಅವನು ತಿರುಗಿದ. ಆ ಬಿಸಿಲಿನಲ್ಲೂ ಗಲ್ಲದಿಂದ ನೆತ್ತಿಯವರೆಗೆ ಮಫ್ಲರ್ ಕಟ್ಟಿಕೊಂಡಿದ್ದ! ಎಡಗೆನ್ನೆ ಊದಿತ್ತು.

"ನೀವು... ಇಲ್ಲಿ?"

"ನನ್ನ ಚಾದಲ್ಲಿ ಎಂಥ ತಪ್ಪಿತ್ತು?" ಅವಳು ಉಸಿರು ಬಿಡದೆ ಕೇಳಿದಳು. "ಅದೊಂದು ಹೇಳಿ. ನಾನು ಹೋಗ್ತೇನೆ."

"ಚಾದಲ್ಲಾ?" ಅವನು ಬಾಯಿಯ ಒಂದೇ ಬದಿಯಿಂದ ಮಾತಾಡುತ್ತಿದ್ದ. "ತಪ್ಪು ಚಾದಲ್ಲಲ್ಲ, ನನ್ನ ಹಲ್ಲಲ್ಲಿ ಇತ್ತು. ತಿಂಗಳಿಂದ ಹುಳುಕಾಗಿತ್ತು. ಐಸಿನ ನೀರು ತಾಗಿದ ಕೂಡಲೇ ಕಣ್ಣು ಕತ್ತಲೆ ಬಂತು. ಮೊನ್ನೆ ಮೈಸೂರಿಗೆ ಹೋಗಿ ಕೀಳಿಸಿದೆ."

ಹಲ್ಲುನೋವು!

ಹತ್ತು ದಿನದ ಸಂಕಟ... ಅಪ್ಪನ ಬಗ್ಗಿದ ತಲೆ... ಎಲ್ಲ ಒಂದು ಹಲ್ಲಿಗಾಗಿ! ಯಮುನಳಿಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು.

"ನಾನು ಹತ್ತು ವರ್ಷದಿಂದ ಚಾ ರುಚಿ ನೋಡ್ತಾ ಇದ್ದೇನೆ," ಅವನೇ ಮುಂದುವರಿಸಿದ. "ಬಿಸಿ ಚಾ ತಣ್ಣಗಾದ್ರೆ ಬಗ್ಗಡದ ಹಾಗೆ ಆಗ್ತದೆ. ನಿಮ್ಮದು ಜೇನಿನ ಹಾಗೆ ತಿಳಿಯಾಗಿತ್ತು. ಬೆಳಕಿಗೆ ಹಿಡಿದಾಗಲೇ ಕೇಳ್ಬೇಕು ಅಂದ್ಕೊಂಡೆ, ಹೇಗೆ ಮಾಡಿದ್ರಿ ಅಂತ."

"ನೀರು ಕಾಯಿಸಲೇ ಇಲ್ಲೆ," ಅವಳ ಧ್ವನಿ ತಗ್ಗಿತು. "ಚಾ ಸೊಪ್ಪನ್ನು ತೆಳು ಬಟ್ಟೇಲಿ ಕಟ್ಟಿ, ಹಿಂದಿನ ಸಂಜೆಯೇ ಬಾವಿ ನೀರಿಗೆ ಬಿಟ್ಟಿದ್ದೆ. ಬೆಳಗಾಗುವಾಗ ತಾನಾಗಿ ಇಳಿದಿತ್ತು."

ಅವನ ಕಣ್ಣುಗಳು ಅರಳಿದವು. ಅವಳ ಮನಸ್ಸು ಕರಗುವುದರಲ್ಲಿತ್ತು. ಆಗಲೇ ಇನ್ನೊಂದು ಪ್ರಶ್ನೆ ಮುಳ್ಳಿನಂತೆ ಎದ್ದಿತು.

"ಜೀಪು ಹತ್ತುವಷ್ಟರಲ್ಲಿ ನೋವು ಕಡಿಮೆ ಆಗಿರ್ಲಿಲ್ವಾ?"

ಧರ್ಮಪಾಲ ಮಫ್ಲರಿನ ಗಂಟು ಸಡಿಲಿಸಿದ. ಲಾರಿಯವನು ಕೂಗಿದ. ಅವನಿಗೆ ಅದು ಕೇಳಿಸಲಿಲ್ಲ.

"ಆಗಿತ್ತು," ಎಂದ ಕೊನೆಗೆ. "ಹಲ್ಲುನೋವು ಅರ್ಧ ಕಾರಣ ಅಷ್ಟೇ. ದೊಡ್ಡಪ್ಪ ನನ್ನ ಸಾಕಿದವರು. ಅವರು ಮಾತಾಡುವಾಗ ಎದುರಾಡಿ ಅಭ್ಯಾಸ ಇಲ್ಲೆ ನನಗೆ. ಮನೆಗೆ ಹೋಗಿ ಹೇಳಿದೆ, ಹಲ್ಲುನೋವು ಅಂತ. ಅಷ್ಟು ಬೈದು ಬಂದ ಮೇಲೆ ಇನ್ನು ಅವರು ಹೆಣ್ಣು ಕೊಡೋದಿಲ್ಲ ಅಂದ್ರು. ಎರಡು ಸಲ ನಿಮ್ಮೂರ ತಿರುವಿನವರೆಗೆ ಬಂದೆ. ಬಸ್ಸು ಇಳಿದು ನಿಂತೆ... ಮತ್ತೆ ವಾಪಸು ಹೋದೆ."

"ಯಾಕೆ?"

"ಹೆದರಿಕೆ. ಸುಳ್ಳು ಹೇಳೋದಿಲ್ಲ ನಿಮ್ಮ ಹತ್ರ."

ಯಮುನ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬುಧವಾರ ಬೇರೆಯವರು ನನ್ನ ನೋಡೋಕೆ ಬರ್ತಾರೆ. ನನಗೆ ಹೇಳಿದ್ದು ಸಾಕು. ಅಪ್ಪನಿಗೆ ಹೇಳಿ. ನಿಮ್ಮ ದೊಡ್ಡಪ್ಪನ ಎದುರೇ ಹೇಳಿ. ಅದಾಗದಿದ್ರೆ... ಬರ್ಲೇಬೇಡಿ!"

ಅವಳು ತಿರುಗಿ ನಡೆದಳು. ಹಿಂದೆ ನೋಡಬಾರದೆಂದು ಹಲ್ಲು ಕಚ್ಚಿದಳು. ಬಟ್ಟೆ ಅಂಗಡಿಯ ಬಾಗಿಲಲ್ಲಿ ನೋಡಿಯೇಬಿಟ್ಟಳು. ಅವನು ಅಲ್ಲೇ ನಿಂತಿದ್ದ.

ಸೋಮವಾರ ಯಾರೂ ಬರಲಿಲ್ಲ.

ಮಂಗಳವಾರ ಮಧ್ಯಾಹ್ನದ ಬಸ್ಸಿನ ಸದ್ದು ತಿರುವಿನಲ್ಲಿ ಕೇಳಿ ದೂರವಾಯಿತು. ಯಮುನ ಬಾಗಿಲಿಗೆ ಹೋದಳು, ಒಳಗೆ ಬಂದಳು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಯಾರೂ ಇಲ್ಲ. ‘ಹೆದರಿದರು... ಮೂರನೇ ಸಲವೂ ಹಿಂದಿರುಗಿದರು...’ ಪೊರಕೆ ಕೈಯಿಂದ ಜಾರಿತು.

ಅಷ್ಟರಲ್ಲಿ ಜೀಪು ಬಂತು!

ಮೊದಲು ಇಳಿದವನು ಧರ್ಮಪಾಲ. ಮಫ್ಲರ್ ಇರಲಿಲ್ಲ. ಹಿಂದಿನಿಂದ ಮೊಣ್ಣಪ್ಪ, ಮುಖ ಗಂಟಿಕ್ಕಿಕೊಂಡೇ ಇಳಿದರು. ಜಗಲಿಯಲ್ಲಿದ್ದ ಕುಶಾಲಪ್ಪ ಎದ್ದು ನಿಂತರು. ಬನ್ನಿ ಎನ್ನಲಿಲ್ಲ.

"ಮಾವ," ಧರ್ಮಪಾಲ ಜಗಲಿಯ ಕೆಳಗೇ ನಿಂತು ಹೇಳಿದ. "ಅವತ್ತು ನಿಮ್ಮ ಮಗಳು ಕೊಟ್ಟ ಚಾ ಚೆನ್ನಾಗಿತ್ತು. ನನಗೆ ಹಲ್ಲುನೋವಿತ್ತು. ಅದನ್ನು ಅಲ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲೆ. ತಪ್ಪು ನಿಮ್ಮ ಮನೇದಲ್ಲ, ದೊಡ್ಡಪ್ಪಂದೂ ಅಲ್ಲ. ನಂದು."

ಮೊಣ್ಣಪ್ಪ ಕೆಮ್ಮಿದರು. ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದರು. "ನಂದೂ ಉಂಟು ಕುಶಾಲಪ್ಪ. ಸೌದೆ ಮಾತು ನಾನು ಆಡಬಾರದಿತ್ತು. ಈ ಹೈದ ನಿನ್ನೆ ಇಡೀ ದಿನ ನನ್ನ ಹತ್ರ ಜಗಳ ಆಡಿದ. ಹುಟ್ಟಿದ ಮೇಲೆ ಮೊದಲ್ನೇ ಸಲ!"

ಕುಶಾಲಪ್ಪ ಅವರಿಬ್ಬರನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ತಿರುಗಿ ಕರೆದರು.

"ತಂಗಮ್ಮ, ಚಾಪೆ ಹಾಕು. ಬುಧವಾರದವರಿಗೆ ಈಗಲೇ ಹೇಳಿ ಕಳಿಸ್ಬೇಕು."

ಯಮುನ ಬಾಗಿಲ ಹಿಂದೆ ಗೋಡೆಗೆ ಒರಗಿ ಕೂತುಬಿಟ್ಟಳು. ಕಣ್ಣೀರು ಎಷ್ಟೊರೆಸಿದರೂ ನಿಲ್ಲಲಿಲ್ಲ.

ಹಿರಿಯರು ದಿನ ನೋಡಲು ಕೂತಾಗ ಧರ್ಮಪಾಲ ಕೈಕಾಲು ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಬಂದ. ಯಮುನ ಅಲ್ಲೇ ಇದ್ದಳು. ಕೊಡದಿಂದ ಅವನ ಕೈಗೆ ನೀರು ಹಾಕಿದಳು.

"ನೀವು ಕಲಿಸೋದು ಬಿಡ್ಬೇಕಾಗಿಲ್ಲೆ," ಅವನು ಮೆಲ್ಲಗೆ ಹೇಳಿದ. "ನಮ್ಮ ತೋಟದ ಕೂಲಿ ಲೈನಿನ ಮಕ್ಕಳಿಗೆ ಕಲಿಸೋರು ಯಾರೂ ಇಲ್ಲ. ತೋಟದ ದೊರೆ ಹತ್ರ ನಾನೇ ಕೇಳ್ತೇನೆ."

"ಕೇಳೋಕೆ ಹೆದರಿಕೆ ಆಗೋದಿಲ್ವಾ?"

"ಆಗ್ತದೆ. ಆದ್ರೂ ಕೇಳ್ತೇನೆ."

ಅವಳು ಮೊದಲ ಸಲ ಅವನೆದುರು ನಕ್ಕಳು.

"ಮದುವೆ ಮಳೆಗಾಲಕ್ಕೆ ಮೊದಲೇ ಆಗ್ಬೇಕು ಅಂತ ಹೇಳ್ಸಿದ್ದೇನೆ," ಎಂದ ಅವನು.

"ಅಷ್ಟು ಅವಸರ ಯಾಕೆ?"

"ರಾತ್ರಿ ನಿದ್ದೆ ಬರ್ತಾ ಇಲ್ಲೆ."

"ಹಲ್ಲು ಇನ್ನೂ ನೋಯ್ತದಾ?"

ಧರ್ಮಪಾಲ ಅವಳನ್ನೇ ನೋಡಿದ. ಈ ಸಲ ಕಣ್ಣು ತಗ್ಗಿಸಲಿಲ್ಲ.

"ಹಲ್ಲು ಕಿತ್ತಾಯ್ತಲ್ಲ ಯಮುನ... ಆದ್ರೂ ನಿದ್ದೆ ಬರ್ತಾ ಇಲ್ಲೆ."

ಅವಳು ಕೊಡದ ಅಂಚನ್ನು ಬೆರಳಿನಿಂದ ಸವರುತ್ತ ತಲೆ ತಗ್ಗಿಸಿದಳು.

"ನಂಗೂ," ಎಂದಳು.